ವ್ಯಾಪಾರ ಮಾಡೋದು ಮೂಲಭೂತ ಹಕ್ಕು ಅಂತಾರೆ, ಹಾಗಾದ್ರೆ ಗಾಡಿ ಎತ್ತಿಕೊಂಡು ಹೋದಾಗ ಕೋರ್ಟು ಏನು ಮಾಡುತ್ತೆ?

ನವನಗರದ ಹುಡುಗ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ನಮ್ಮ ಸೋದರತ್ತೆ ಬಸ್ ಸ್ಟ್ಯಾಂಡ್ ಪಕ್ಕ ಗಿರ್ಮಿಟ್, ಮಿರ್ಚಿ ಗಾಡಿ ಇಟ್ಟುಕೊಂಡಿದ್ದಾರೆ. ಊರಿನ ಹೆಸರು ಹಾಕೋದಿಲ್ಲ. ಹುಬ್ಬಳ್ಳಿ ಸುತ್ತಮುತ್ತಲಿನದೇ ಒಂದು ಊರು ಅಂದುಕೊಳ್ಳಿ. ಮಾವ ತೀರಿಕೊಂಡ ಮೇಲೆ ಮನೆ ನಡೆದಿದ್ದು ಆ ಗಾಡಿಯಿಂದಲೇ. ಹೋದ ವಾರ ಸಂಜೆ, ಗಿರಾಕಿ ಬರೋ ಹೊತ್ತಿಗೆ ಸರಿಯಾಗಿ ಟ್ರ್ಯಾಕ್ಟರ್ ಬಂತು. ಗಾಡಿ, ಒಲೆ, ಸಿಲಿಂಡರ್, ಅರ್ಧ ಚೀಲ ಚುರುಮುರಿ, ಹೆಚ್ಚಿಟ್ಟ ಉಳ್ಳಾಗಡ್ಡಿ ಬುಟ್ಟಿ, ಎಲ್ಲ ಎತ್ತಿ ಹಾಕಿಕೊಂಡು ಹೋದರು. ಬಾಣಲೆಯ ಎಣ್ಣೆ ಇನ್ನೂ ಬಿಸಿ ಇತ್ತು. ಅದನ್ನ ಗಟಾರಕ್ಕೆ ಸುರಿದರು. ಏನೇನು ಒಯ್ತಿದ್ದೀರಿ ಅಂತ ಒಂದು ಚೀಟಿ ಬರೆದುಕೊಡಿ ಅಂದ್ರೆ "ನಾಳೆ ಆಫೀಸಿಗೆ ಬಾ" ಅಂದರಂತೆ.

ಸಂಬಂಧಿಕರೆಲ್ಲ ದಂಡ ಕಟ್ಟಿ ಬಿಡಿಸಿಕೊಂಡು ಬನ್ನಿ, ಸುಮ್ನೆ ಯಾಕೆ ತಲೆನೋವು ಅಂತಾರೆ. ಕೆಎಎಸ್‌ಗೆ ಓದುತ್ತಿರೋ ನನ್ನ ತಮ್ಮ ಮಾತ್ರ "ಸಂವಿಧಾನದ 19(1)(ಜಿ), ಯಾವುದೇ ವೃತ್ತಿ, ವ್ಯಾಪಾರ ಮಾಡೋದು ಮೂಲಭೂತ ಹಕ್ಕು, ರಿಟ್ ಹಾಕೋಣ" ಅಂತ ಕುಣೀತಿದ್ದಾನೆ.

ಈ ಹಕ್ಕು ನಿಜಕ್ಕೂ ಗಾಡಿಯವರಿಗೂ ಇದೆಯಾ, ಇಲ್ಲ ದೊಡ್ಡ ಕಂಪನಿಗಳಿಗೆ ಮಾತ್ರಾನಾ? ಕೋರ್ಟಿಗೆ ಹೋದರೆ ಏನಾದರೂ ಆಗುತ್ತಾ? ತಿಳಿದವರು ಹೇಳಿ. ರಾಜಕೀಯ ಬೇಡ.

ಮಿರ್ಚಿ ಮಂಡಕ್ಕಿ

ಎಣ್ಣೆ ಗಟಾರಕ್ಕಾ? ಈಗಿನ ರೇಟಿನಲ್ಲಿ? ಓದಿ ಹೊಟ್ಟೆ ಉರೀತು.

ವಿದ್ಯಾನಗರ ವಾಕಿಂಗ್

ನಿಮ್ಮ ಅತ್ತೆಯವರ ಬಗ್ಗೆ ಬೇಜಾರಿದೆ. ಆದರೆ ಇನ್ನೊಂದು ಕಡೆಯನ್ನೂ ಕೇಳಿ. ನಮ್ಮ ತಾಯಿಗೆ ಎಪ್ಪತ್ತು ದಾಟಿದೆ, ಮೊಣಕಾಲು ನೋವು. ಫುಟ್‌ಪಾತ್ ಮೇಲೆ ಗಾಡಿ, ಗಾಡಿ ಮುಂದೆ ಬೈಕು, ಬೈಕಿನ ಮುಂದೆ ಪ್ಲೇಟ್ ಹಿಡಿದು ನಿಂತವರು. ಅವರು ರಸ್ತೆಗಿಳಿದು ಲಾರಿ ಪಕ್ಕ ನಡೆಯಬೇಕು. ಸಂವಿಧಾನದಲ್ಲಿ ಅವರಿಗೇನೂ ಬರೆದಿಲ್ವಾ?

ಕೋರ್ಟ್ ಸರ್ಕಲ್

ಧಾರವಾಡದಲ್ಲಿ ಪ್ರಾಕ್ಟೀಸ್ ಮಾಡ್ತೀನಿ. ಕಾಗದ ನೋಡದೆ ಸಲಹೆ ಕೊಡಬಾರದು, ಹಾಗಾಗಿ ಇದನ್ನ ಮಾಹಿತಿ ಅಂತ ಮಾತ್ರ ತಗೊಳ್ಳಿ.

ಗಾಡಿಯವರಿಗೂ ಹಕ್ಕಿದೆ. 1989ರಲ್ಲಿ ದಿಲ್ಲಿಯ ಬೀದಿ ವ್ಯಾಪಾರಿಗಳ ಸೋಧನ್ ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟು ಅದನ್ನೇ ಹೇಳಿತು. ರಸ್ತೆ ಬದಿಯ ವ್ಯಾಪಾರವೂ 19(1)(ಜಿ) ಒಳಗೇ ಬರುತ್ತೆ. ಆದರೆ ಇಂಥದ್ದೇ ಮೂಲೆ ನನ್ನದು ಅನ್ನೋ ಕಾಯಂ ಹಕ್ಕು ಯಾರಿಗೂ ಇಲ್ಲ. 19(6)ರ ಪ್ರಕಾರ ಸಾರ್ವಜನಿಕರ ಹಿತಕ್ಕೆ ಸರ್ಕಾರ ನ್ಯಾಯವಾದ ಕಟ್ಟುಪಾಡು ಹಾಕಬಹುದು. ವಾಕಿಂಗ್ ಅವರೇ, ನಿಮ್ಮ ತಾಯಿಯವರು ಬರೋದು ಇಲ್ಲೇ.

1985ರ ಓಲ್ಗಾ ಟೆಲ್ಲಿಸ್ ಕೇಸನ್ನೂ ಜನ ತುಂಬಾ ಹೇಳ್ತಾರೆ. ಜೀವನೋಪಾಯ ಇಲ್ಲದೆ ಜೀವಿಸುವ ಹಕ್ಕಿಲ್ಲ ಅಂತ ಅದರಲ್ಲಿ ಬಂತು, ನಿಜ. ಅದೇ ತೀರ್ಪಿನಲ್ಲಿ ಮುಂಬೈನ ಫುಟ್‌ಪಾತ್ ತೆರವು ಮಾಡಿಸೋ ಅಧಿಕಾರವನ್ನೂ ಕೋರ್ಟು ಎತ್ತಿಹಿಡೀತು. ಮೊದಲರ್ಧ ಮಾತ್ರ ಭಾಷಣದಲ್ಲಿ ಬರುತ್ತೆ.

ನಿಮ್ಮ ಅತ್ತೆಯವರಿಗೆ ಇದೆಲ್ಲಕ್ಕಿಂತ ಹತ್ತಿರದ್ದು 2014ರ ಬೀದಿ ವ್ಯಾಪಾರಿಗಳ ಕಾಯ್ದೆ. ಊರಿನಲ್ಲಿ ವ್ಯಾಪಾರಿಗಳ ಸರ್ವೆ ಮುಗಿದು ಎಲ್ಲರಿಗೂ ಪ್ರಮಾಣಪತ್ರ ಕೊಡೋತನಕ ಯಾರನ್ನೂ ಎಬ್ಬಿಸಬಾರದು ಅಂತ 3ನೇ ಸೆಕ್ಷನ್ನಿನಲ್ಲೇ ಇದೆ. ಎಬ್ಬಿಸಬೇಕಾದರೆ ಮೂವತ್ತು ದಿನದ ನೋಟಿಸ್. ಸಾಮಾನು ಜಪ್ತಿ ಮಾಡಿದರೆ ಪಟ್ಟಿ ಮಾಡಿ, ಸಹಿ ಹಾಕಿ, ಪ್ರತಿ ಕೊಡಬೇಕು. ಶುಲ್ಕ ಕಟ್ಟಿ ಕೇಳಿದರೆ ಕೆಡುವ ಸಾಮಾನು ಅದೇ ದಿನ, ಉಳಿದದ್ದು ಎರಡು ಕೆಲಸದ ದಿನದೊಳಗೆ ವಾಪಸ್ ಕೊಡಬೇಕು. ನಿಮ್ಮ ಹತ್ತಿರ ಗುರುತಿನ ಚೀಟಿ, ಸರ್ವೆ ನಂಬರ್ ಏನಾದರೂ ಇದೆಯಾ?

ನವನಗರದ ಹುಡುಗ

ಚೀಟಿ ಇಲ್ಲ ಸರ್. ಯಾರೋ ಬಂದು ಗಾಡಿ ಮುಂದೆ ನಿಲ್ಲಿಸಿ ಫೋಟೋ ತೆಗೆದುಕೊಂಡು ಹೋಗಿದ್ದರಂತೆ. ಆಮೇಲೆ ಸುದ್ದಿ ಇಲ್ಲ. ಕೊರೊನಾ ಆದಮೇಲೆ ಬೀದಿ ವ್ಯಾಪಾರಿಗಳಿಗೆ ಸಾಲ ಕೊಡೋ ಸ್ವನಿಧಿ ಯೋಜನೆಯಲ್ಲಿ ಹತ್ತು ಸಾವಿರ ಸಾಲ ತಗೊಂಡು ತೀರಿಸಿದ್ದಾರೆ. ಅದರ ಪಾಸ್‌ಬುಕ್ ಎಂಟ್ರಿ ಇದೆ.

ಕೋರ್ಟ್ ಸರ್ಕಲ್

ಆ ಸಾಲದ ಕಾಗದ ಹುಡುಕಿ. ಚೀಟಿ ಇಲ್ಲದವರಿಗೆ ಆಗ ಸ್ಥಳೀಯ ಸಂಸ್ಥೆಯಿಂದ ಶಿಫಾರಸು ಪತ್ರ ಕೊಡ್ತಿದ್ದರು. ಅದು ಸಿಕ್ಕರೆ "ಇವರು ಬೀದಿ ವ್ಯಾಪಾರಿ" ಅಂತ ಅವರೇ ಬರೆದುಕೊಟ್ಟ ಹಾಗೆ. ಈಗ "ಇವರು ಯಾರೋ ಗೊತ್ತಿಲ್ಲ" ಅನ್ನೋಕೆ ಆಗಲ್ಲ.

ದುರ್ಗದಬೈಲ್ ಅಂಗಡಿ

ಎಲ್ಲರೂ ಗಾಡಿಯವರ ಪರ. ಅಂಗಡಿಯವನ ಸ್ವಾತಂತ್ರ್ಯ ಯಾರಿಗೆ ಬೇಕು? ಬಾಡಿಗೆ, ಟ್ರೇಡ್ ಲೈಸೆನ್ಸ್, ಬೋರ್ಡಿನ ತೆರಿಗೆ, ತಕ್ಕಡಿಗೆ ವರ್ಷ ವರ್ಷ ಮುದ್ರೆ, ಜಿಎಸ್‌ಟಿ, ಹುಡುಗರ ಹಾಜರಿ ಪುಸ್ತಕ, ವಾರದ ರಜೆ. 1961ರ ಅಂಗಡಿ ಕಾಯ್ದೆ ನನಗೆ ಬಾಗಿಲು ಎಷ್ಟೊತ್ತಿಗೆ ಹಾಕಬೇಕು ಅಂತಲೂ ಹೇಳುತ್ತೆ. ನನ್ನ ಬಾಗಿಲ ಮುಂದೆ ಅದೇ ಟವೆಲ್ಲು, ಅದೇ ಬನಿಯನ್ನು ಗಾಡಿ ಮೇಲೆ ಮೂವತ್ತು ರೂಪಾಯಿ ಕಡಿಮೆಗೆ. ನನಗೂ ಒಂದು ರಿಟ್ ಹಾಕಿಕೊಡಿ ವಕೀಲರೇ.

ಲೆಕ್ಕದ ಅಕ್ಕ

ಅಣ್ಣಾ, ನಿಮ್ಮ ಅಂಗಡಿಯ ಗೊಂಬೆ, ಹ್ಯಾಂಗರ್, ಸ್ಟೂಲು ಫುಟ್‌ಪಾತ್ ಮೇಲೆ ಎಷ್ಟು ಅಡಿ ಬಂದಿವೆ? 😄

ದುರ್ಗದಬೈಲ್ ಅಂಗಡಿ

ಎಲ್ಲರೂ ಇಡ್ತಾರೆ ರೀ. ಒಬ್ಬನೇ ಒಳಗಿಟ್ಟರೆ ಗಿರಾಕಿ ಪಕ್ಕದವನ ಹತ್ರ ಹೋಗ್ತಾನೆ.

ವಿದ್ಯಾನಗರ ವಾಕಿಂಗ್

ನನ್ನ ವಾದಕ್ಕೆ ಸಾಕ್ಷಿ ಸಿಕ್ಕಿತು, ಧನ್ಯವಾದ.

ಕಾನೂನು ಮೂರನೇ ವರ್ಷ

ಇಷ್ಟೊತ್ತಾದರೂ ಚಿಂತಾಮಣ ರಾವ್ ಕೇಸು ಯಾರೂ ಹೇಳಲಿಲ್ಲ! ಈ ವಿಷಯದ ಮೊದಮೊದಲ ಕೇಸು. ಮಧ್ಯಪ್ರದೇಶದ ಸಾಗರ ಜಿಲ್ಲೆಯಲ್ಲಿ ಬೆಳೆ ಕೆಲಸಕ್ಕೆ ಆಳು ಸಿಗ್ತಿಲ್ಲ ಅಂತ, ಹಂಗಾಮಿನಲ್ಲಿ ಕೆಲವು ಹಳ್ಳಿಗಳ ಜನ ಬೀಡಿ ಕಟ್ಟಲೇಬಾರದು ಅಂತ ಡೆಪ್ಯುಟಿ ಕಮಿಷನರ್ ಆದೇಶ ಹೊರಡಿಸಿದರು. ಕೊನೆಯ ಆದೇಶ 1950ರ ಅಕ್ಟೋಬರ್ 8ರಿಂದ ನವೆಂಬರ್ 18ರ ತನಕ. ಬೀಡಿ ಕಾರ್ಖಾನೆಯ ಮಾಲೀಕ ಒಬ್ಬ, ಕೆಲಸಗಾರ ಒಬ್ಬ ನೇರ ಸುಪ್ರೀಂ ಕೋರ್ಟಿಗೆ ಹೋದರು. ಅದೇ ನವೆಂಬರಿನಲ್ಲಿ ತೀರ್ಪು ಬಂತು.

ಕೋರ್ಟು ಕೇಳಿದ ಪ್ರಶ್ನೆ ಸರಳ. ಹೊಲಕ್ಕೆ ಆಳು ಬೇಕು, ಒಪ್ಪೋಣ. ಆದರೆ ಹೊಲದಲ್ಲಿ ಕೆಲಸ ಮಾಡೋಕೆ ಆಗದ ಮುದುಕಿ, ಅಂಗವಿಕಲರು ಮನೆಯಲ್ಲಿ ಕೂತು ಬೀಡಿ ಕಟ್ಟೋದನ್ನೂ ಯಾಕೆ ನಿಲ್ಲಿಸ್ತೀರಿ? ಉದ್ದೇಶ ಒಳ್ಳೆಯದೇ ಇರಬಹುದು, ನಿರ್ಬಂಧ ಅದಕ್ಕಿಂತ ದೊಡ್ಡದಾಯ್ತು ಅಂತ ಆ ಕಾನೂನನ್ನೇ ಹೊಡೆದು ಹಾಕಿತು. ಇವತ್ತಿಗೂ ಕೋರ್ಟು ಕೇಳೋದು ಇದೇ ಪ್ರಶ್ನೆ.

ಅಮೆರಿಕದಲ್ಲಿ ಇನ್ನೂ ಮಜಾ ಇದೆ. ಲೂಸಿಯಾನಾದ ಒಂದು ಮಠದ ಸನ್ಯಾಸಿಗಳು ಮರದ ಶವಪೆಟ್ಟಿಗೆ ಮಾಡಿ ಮಾರೋಕೆ ಶುರು ಮಾಡಿದರು. ಲೈಸೆನ್ಸ್ ಇರೋ ಶವಸಂಸ್ಕಾರದ ಅಂಗಡಿಯವರು ಮಾತ್ರ ಮಾರಬೇಕು ಅಂತ ಅಲ್ಲಿನ ಬೋರ್ಡು ತಡೀತು. 2013ರಲ್ಲಿ ಮೇಲ್ಮನವಿ ಕೋರ್ಟು ಸನ್ಯಾಸಿಗಳ ಪರ ನಿಂತಿತು. ಒಂದು ಗುಂಪಿನ ಲಾಭ ಕಾಯೋದೇ ಸಾರ್ವಜನಿಕ ಹಿತ ಆಗಲ್ಲ ಅಂತ. ನಮ್ಮ ಕೋರ್ಟುಗಳೂ ಹೀಗೆ ಗಟ್ಟಿಯಾಗಿ ನಿಲ್ಲಬೇಕು ಅನ್ನೋದು ನನ್ನ ಅಭಿಪ್ರಾಯ.

ನಿವೃತ್ತ ಮೇಷ್ಟ್ರು

ತಮ್ಮಾ, ಅಮೆರಿಕದ ಕಥೆ ಅರ್ಧ ಹೇಳಿದೆ. ಅದೇ ದೇಶದಲ್ಲಿ 1905ರಲ್ಲಿ ಲಾಕ್ನರ್ ಅಂತ ಒಂದು ಕೇಸು. ಬೇಕರಿ ಕೆಲಸಗಾರರನ್ನ ದಿನಕ್ಕೆ ಹತ್ತು ಗಂಟೆ, ವಾರಕ್ಕೆ ಅರವತ್ತು ಗಂಟೆಗಿಂತ ಜಾಸ್ತಿ ದುಡಿಸಬಾರದು ಅಂತ ನ್ಯೂಯಾರ್ಕ್ ಕಾನೂನು ಮಾಡಿತ್ತು. ಕೋರ್ಟು ಏನಂತು ಗೊತ್ತಾ? ಹೆಚ್ಚು ದುಡಿಯೋದು ಕೆಲಸಗಾರನ ಸ್ವಾತಂತ್ರ್ಯ, ಕಾನೂನು ರದ್ದು! ಮೂವತ್ತು ವರ್ಷದ ಮೇಲೆ, 1937ರಲ್ಲಿ, ಆ ದಾರಿ ಬಿಟ್ಟರು. ಆರ್ಥಿಕ ಸ್ವಾತಂತ್ರ್ಯ ಅಂತ ಕೋರ್ಟಿನ ಕೈಗೆ ಕೋಲು ಕೊಟ್ಟರೆ ಏಟು ಬೀಳೋದು ಸಾಮಾನ್ಯವಾಗಿ ದುಡಿಯೋರ ಬೆನ್ನಿಗೆ.

ನಮ್ಮಲ್ಲೂ ಅಷ್ಟೇ. 1970ರಲ್ಲಿ ಬ್ಯಾಂಕ್ ರಾಷ್ಟ್ರೀಕರಣದ ಕಾನೂನನ್ನು ಹೊಡೆದು ಹಾಕಿದ್ದು ಇದೇ ಸುಪ್ರೀಂ ಕೋರ್ಟು. ಯಾರ ಪರ?

ಕೋರ್ಟ್ ಸರ್ಕಲ್

ಮೇಷ್ಟ್ರೇ, ಆ ತೀರ್ಪು ರಾಷ್ಟ್ರೀಕರಣವೇ ಕೂಡದು ಅಂತ ಹೇಳಲಿಲ್ಲ. ಹದಿನಾಲ್ಕು ಬ್ಯಾಂಕನ್ನು ಮಾತ್ರ ಆರಿಸಿ ಅವರ ವ್ಯವಹಾರ ನಿಲ್ಲಿಸಿದ್ದು ತಾರತಮ್ಯ, ಪರಿಹಾರದ ಲೆಕ್ಕವೂ ಸರಿಯಿಲ್ಲ ಅಂತ ಹೇಳಿತು. ಸರ್ಕಾರ ತಿದ್ದಿಕೊಂಡು ಮತ್ತೆ ಕಾನೂನು ತಂದಿತು. ಬ್ಯಾಂಕುಗಳು ಸರ್ಕಾರದ್ದೇ ಆದವು.

ನಿವೃತ್ತ ಮೇಷ್ಟ್ರು

ಅದೇ ನಾನೂ ಹೇಳೋದು. ದೊಡ್ಡವರಿಗೆ ಪರಿಹಾರ ಜಾಸ್ತಿ ಸಿಕ್ಕಿತು. ಗಿರ್ಮಿಟ್ ಗಾಡಿಗೆ?

ಬೆಟಗೇರಿ ಮಗ್ಗ

ಮೇಷ್ಟ್ರಿಗೆ, ಮೂರನೇ ವರ್ಷದವರಿಗೆ, ಇಬ್ಬರಿಗೂ ನಮ್ಮ ಮನೆ ಕಥೆ ಹೇಳ್ತೀನಿ. ಯಾವ ಕಡೆ ಇಟ್ಟುಕೊಳ್ತೀರೋ ನೋಡಿ.

ನಮ್ಮ ಅಜ್ಜ ಕುಣಿ ಮಗ್ಗದವರು. ಕುಣಿಯಲ್ಲಿ ಕಾಲಿಟ್ಟು ಕೂತು ತುಳೀತಿದ್ದರು. ಮೊಣಕಾಲು ಹೋಯ್ತು, ಕಣ್ಣು ಹೋಯ್ತು. ಅಪ್ಪ ಸಾಲ ಮಾಡಿ ಪವರ್‌ಲೂಮ್ ಹಾಕಿದರು. ಈಗ ನಮ್ಮ ಶೆಡ್ಡಿನಲ್ಲಿ ನಾಲ್ಕು ಇವೆ. ಕರೆಂಟು ಹೋದರೆ ಓಣಿಯೇ ಸುಮ್ಮನಾಗುತ್ತೆ, ಬಂದರೆ ಮಾತಾಡೋದು ಕೇಳಲ್ಲ.

ಈಗ ಕಾನೂನಿಗೆ ಬನ್ನಿ. 1985ರಲ್ಲಿ ಕೈಮಗ್ಗಕ್ಕೆ ಮೀಸಲಾತಿ ಕಾಯ್ದೆ ಬಂತು. ಕೆಲವು ಬಟ್ಟೆಗಳನ್ನ ಕೈಮಗ್ಗದಲ್ಲಿ ಮಾತ್ರ ನೇಯಬೇಕು. ಪವರ್‌ಲೂಮಿನಲ್ಲಿ ನೇಯ್ದರೆ ಅಪರಾಧ. ಮಗ್ಗಕ್ಕೆ ಐದು ಸಾವಿರದವರೆಗೆ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ನಾನೇ ಹಾಸು ಹಾಕಿ, ನಾನೇ ಬಣ್ಣ ಆರಿಸಿ, ನನ್ನ ಕರೆಂಟ್ ಬಿಲ್ ಕಟ್ಟಿ, ಕೆಲವು ನಮೂನೆಯ ದಡಿ, ಸೆರಗಿನ ಸೀರೆ ನೇಯ್ದರೆ ನಾನು ಆರೋಪಿ. ತಪಾಸಣೆಗೆ ಬಂದವರು ಮೊದಲು ನೋಡೋದೇ ದಡಿ.

ಪವರ್‌ಲೂಮಿನವರು ಸುಪ್ರೀಂ ಕೋರ್ಟಿಗೆ ಹೋದರು. ವಾದ ಇದೇ, 19(1)(ಜಿ). 1993ರಲ್ಲಿ, ಪರ್ವೇಜ್ ಅಖ್ತರ್ ಕೇಸು, ನಾವು ಸೋತೆವು. ಕೈಮಗ್ಗದ ಲಕ್ಷಾಂತರ ಬಡ ನೇಕಾರರನ್ನ ಉಳಿಸೋಕೆ ಈ ನಿರ್ಬಂಧ ನ್ಯಾಯವಾದದ್ದು ಅಂತ ಕೋರ್ಟು ಕಾಯ್ದೆಯನ್ನು ಎತ್ತಿಹಿಡೀತು.

ಇಲ್ಲೇ ಪೇಚು. ನಮ್ಮ ಓಣಿಯ ಆ ತುದಿಯಲ್ಲಿ ದೊಡ್ಡಪ್ಪನ ಮಗ ಇನ್ನೂ ಕೈಮಗ್ಗದಲ್ಲೇ ನೇಯ್ತಾನೆ. ಒಂದೇ ಮನೆತನ, ಒಂದೇ ಸಂತೆಯ ನೂಲು. ನಾನು ಗೆದ್ದಿದ್ದರೆ ಅವನ ಮಗ್ಗ ನಿಲ್ಲುತ್ತಿತ್ತು. ಅವನು ಗೆದ್ದದ್ದಕ್ಕೆ ನನ್ನ ಲೂಮಿಗೆ ಬರೀ ಕಡಿಮೆ ಕೂಲಿಯ ಮಾಲು. ಕೋರ್ಟು ಯಾರ ಸ್ವಾತಂತ್ರ್ಯ ಕಾಯಬೇಕಿತ್ತು ಹೇಳಿ?

ಕಾನೂನು ಮೂರನೇ ವರ್ಷ

ನಿಮ್ಮದು. ಅವರನ್ನ ಉಳಿಸಬೇಕಾದರೆ ಸಬ್ಸಿಡಿ ಕೊಡಲಿ, ನೂಲು ಕಡಿಮೆ ಬೆಲೆಗೆ ಕೊಡಲಿ. ನಿಮ್ಮ ಮಗ್ಗ ನಿಲ್ಲಿಸಿ ಅವರನ್ನ ಉಳಿಸೋದು ಯಾವ ನ್ಯಾಯ?

ನಿವೃತ್ತ ಮೇಷ್ಟ್ರು

ಸಬ್ಸಿಡಿ ದುಡ್ಡು ಯಾರ ಕೈ ಸೇರುತ್ತೆ ಅಂತ ಬೆಟಗೇರಿಗೆ ಹೋಗಿ ಕೇಳು. ನೇಕಾರನ ಕೈಗೆ ಬರೋಷ್ಟರಲ್ಲಿ ಚಹಾ ಕುಡಿಯೋಕೂ ಸಾಲಲ್ಲ.

ಬೆಟಗೇರಿ ಮಗ್ಗ

ಮೇಷ್ಟ್ರು ಹೇಳಿದ್ದು ಖರೆ. ಆದರೆ ಮೀಸಲಾತಿ ಇದ್ದೂ ನನ್ನ ಅಣ್ಣನ ಮಕ್ಕಳು ಯಾರೂ ಮಗ್ಗಕ್ಕೆ ಕೂತಿಲ್ಲ. ಒಬ್ಬ ಗೋಕುಲ ರೋಡಿನಲ್ಲಿ ಶೋರೂಮಿನಲ್ಲಿ ಸೇಲ್ಸ್, ಇನ್ನೊಬ್ಬ ಬೆಂಗಳೂರಿನಲ್ಲಿ ಡೆಲಿವರಿ.

ಬೆಂಗೇರಿ ಬಾವುಟ

ಮಗ್ಗದ ಮಾತು ಬಂತು ಅಂತ ನಮ್ಮ ಹುಬ್ಬಳ್ಳಿ ಬೆಂಗೇರಿಯ ಖಾದಿ ಬಾವುಟದ ವಿಷಯವೂ ಸೇರಿಸ್ತೀನಿ. 2021ರ ಡಿಸೆಂಬರ್ ಕೊನೆಗೆ ಧ್ವಜ ಸಂಹಿತೆ ತಿದ್ದಿ ಪಾಲಿಯೆಸ್ಟರ್, ಮಷಿನ್ ಬಾವುಟಕ್ಕೂ ಅವಕಾಶ ಕೊಟ್ಟರು. ಮಾರುಕಟ್ಟೆ ಮುಕ್ತ ಆಯ್ತು ಅಂತ ಸೂರತ್ತಿನವರು ಖುಷಿ ಪಟ್ಟಿರಬಹುದು. ಇಲ್ಲಿ ನೂಲೋರು, ಹೊಲಿಯೋರು ಬಹುತೇಕ ಹೆಂಗಸರು. ಅವರು ಯಾವ ಕೋರ್ಟಿಗೆ ಹೋಗಬೇಕು?

ದುರ್ಗದಬೈಲ್ ಅಂಗಡಿ

ಆಗಸ್ಟ್ ಬಂದರೆ ಗಿರಾಕಿ ಕೇಳೋದು ಇಪ್ಪತ್ತು ರೂಪಾಯಿ ಬಾವುಟ. ಖಾದಿ ತೋರಿಸಿದರೆ ರೇಟು ಕೇಳಿ ಮುಟ್ಟಿ ನೋಡಿ ಇಟ್ಟು ಹೋಗ್ತಾರೆ.

ಬ್ಯಾಡಗಿ ಕಡ್ಡಿ

ಹಾವೇರಿ ಕಡೆಯವನು. ಗಾಡಿ, ಮಗ್ಗ, ಬಾವುಟ ಎಲ್ಲ ಬಂತು, ರೈತ ಬರಲಿಲ್ಲ. 1966ರ ಎಪಿಎಂಸಿ ಕಾಯ್ದೆ ಪ್ರಕಾರ ಹತ್ತಾರು ವರ್ಷ ನನ್ನ ಮೆಣಸಿನಕಾಯಿಯನ್ನ ಯಾರ್ಡಿನಲ್ಲೇ ಮಾರಬೇಕಿತ್ತು. 2020ರಲ್ಲಿ ರಾಜ್ಯವೂ ತಿದ್ದುಪಡಿ ತಂತು, ಕೇಂದ್ರವೂ ಕಾಯ್ದೆ ತಂತು, ಎಲ್ಲಿ ಬೇಕಾದರೂ ಮಾರಿ ಅಂದರು. 2021ರ ಜನವರಿ 12ಕ್ಕೆ ಸುಪ್ರೀಂ ಕೋರ್ಟು ಕೇಂದ್ರದ ಕಾಯ್ದೆಗಳಿಗೆ ತಡೆ ಕೊಟ್ಟಿತು. ಸಂವಿಧಾನಕ್ಕೆ ಹೊಂದುತ್ತೋ ಇಲ್ಲವೋ ಅನ್ನೋ ಮಾತೇ ಆಡಲಿಲ್ಲ, ಒಂದು ಕಮಿಟಿ ಮಾಡಿತು. ವರ್ಷದ ಕೊನೆಗೆ ಸರ್ಕಾರವೇ ವಾಪಸ್ ತಗೊಂಡಿತು. ಪರ ಇದ್ದವರಿಗೂ ಉತ್ತರ ಸಿಗಲಿಲ್ಲ, ವಿರೋಧ ಇದ್ದವರಿಗೂ ಸಿಗಲಿಲ್ಲ.

ನನ್ನನ್ನ ಕೇಳಿದರೆ ಯಾರ್ಡ್ ಇರಲಿ. ಹೊರಗೆ ಮಾರಿದರೆ ದುಡ್ಡು ಕೊಡದೆ ಓಡಿ ಹೋದವನನ್ನ ಎಲ್ಲಿ ಹುಡುಕೋದು? ಆದರೆ 2024ರ ಮಾರ್ಚ್ 11, ಸೋಮವಾರ ಬ್ಯಾಡಗಿ ಮಾರುಕಟ್ಟೆಯಲ್ಲಿ ಏನಾಯ್ತು ಎಲ್ಲರಿಗೂ ಗೊತ್ತು. ರೇಟು ಬಿತ್ತು, ಕಚೇರಿಗೆ ಬೆಂಕಿ ಬಿತ್ತು, ವಾಹನಗಳು ಸುಟ್ಟವು. ಬೆಂಕಿ ಹಚ್ಚಿದ್ದು ತಪ್ಪು. ಆದರೆ ದೊಡ್ಡವರು ಚೀಲ ಕೋಲ್ಡ್ ಸ್ಟೋರೇಜಿಗೆ ಹಾಕಿ ಕಾಯ್ತಾರೆ. ಸಾಲ ಮಾಡಿ ಕಡ್ಡಿ ಮೆಣಸಿನಕಾಯಿ ಬೆಳೆದವನು ಅವತ್ತಿನ ರೇಟಿಗೆ ಕೊಟ್ಟು ಬರಬೇಕು. ಮಾರೋ ಹಕ್ಕು ಇದೆ, ಕಾಯೋ ಶಕ್ತಿ ಇಲ್ಲ.

ಕೋರ್ಟ್ ಸರ್ಕಲ್

ಎಪಿಎಂಸಿ ತರಹದ ಕಾನೂನನ್ನ ಕೋರ್ಟು 1950ರ ದಶಕದ ಕೊನೆಯಲ್ಲೇ ಒಪ್ಪಿಕೊಂಡಾಗಿದೆ. ಅರುಣಾಚಲ ನಾಡಾರ್ ಕೇಸು, ಮದರಾಸಿನ 1933ರ ವಾಣಿಜ್ಯ ಬೆಳೆಗಳ ಕಾನೂನು. ದಲ್ಲಾಳಿಗಳಿಂದ ರೈತರನ್ನ ಕಾಯೋಕೆ ಮಾರೋ ಜಾಗ ಗೊತ್ತು ಮಾಡೋದು ನ್ಯಾಯವಾದ ನಿರ್ಬಂಧ ಅಂತ.

ಈ ಕೇಸುಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿ. "ನಿಮ್ಮ ಆರ್ಥಿಕ ನೀತಿಯೇ ತಪ್ಪು" ಅಂತ ನಮ್ಮ ಕೋರ್ಟು ಸರ್ಕಾರಕ್ಕೆ ಹೇಳೋದು ಅಪರೂಪ. "ನೋಟಿಸ್ ಕೊಟ್ಟಿಲ್ಲ, ಕೇಳಿಸಿಕೊಂಡಿಲ್ಲ, ಕಾರಣ ಬರೆದಿಲ್ಲ, ನಿಮ್ಮ ಕಾನೂನನ್ನ ನೀವೇ ಪಾಲಿಸಿಲ್ಲ" ಅಂತ ಹೇಳೋಕೆ ಹಿಂದೆಮುಂದೆ ನೋಡಲ್ಲ. ಹಾಗಾಗಿ ನಾನಂತೂ ಗಾಡಿಯವರ ಅರ್ಜಿಯಲ್ಲಿ ಸ್ವಾತಂತ್ರ್ಯದ ಭಾಷಣ ಬರೆಯಲ್ಲ. ತಾರೀಖು, ನೋಟಿಸ್ ಇಲ್ಲ, ಪಟ್ಟಿ ಇಲ್ಲ, ಕಾಯ್ದೆ ಹೇಳೋ ಪಟ್ಟಣ ವ್ಯಾಪಾರ ಸಮಿತಿ ಇಲ್ಲ. ಅಷ್ಟೇ.

ಕಾನೂನು ಮೂರನೇ ವರ್ಷ

ಸರ್, ಕೋರ್ಟು ನೀತಿಗೂ ಕೈ ಹಾಕಿದೆಯಲ್ಲ? ಕ್ರಿಪ್ಟೋದವರಿಗೆ ಬ್ಯಾಂಕ್ ಸೇವೆ ಕೊಡಬೇಡಿ ಅಂತ ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಹೊರಡಿಸಿದ ಸುತ್ತೋಲೆಯನ್ನ 2020ರ ಮಾರ್ಚ್‌ನಲ್ಲಿ ರದ್ದು ಮಾಡಿತು. ಅದೂ 19(1)(ಜಿ) ಮೇಲೆ. ನಮ್ಮ ಹೈಕೋರ್ಟು 2022ರ ಫೆಬ್ರವರಿಯಲ್ಲಿ ಆನ್‌ಲೈನ್ ಗೇಮಿಂಗ್ ನಿಷೇಧವನ್ನೂ ಹೊಡೆದು ಹಾಕಿತು.

ಲೆಕ್ಕದ ಅಕ್ಕ

ಏಪ್ರಿಲ್ 2018, ಮಾರ್ಚ್ 2020. ಹೆಚ್ಚುಕಡಿಮೆ ಎರಡು ವರ್ಷ. ಅಷ್ಟರಲ್ಲಿ ಕೆಲವು ಎಕ್ಸ್‌ಚೇಂಜ್‌ಗಳು ಬಾಗಿಲು ಹಾಕಿಕೊಂಡಿದ್ದವು. ದೊಡ್ಡ ವಕೀಲರನ್ನ ಇಟ್ಟುಕೊಂಡವರ ಗತಿ ಇದು. ಇನ್ನು ಗೇಮಿಂಗ್ ಗೆದ್ದದ್ದು ಎಷ್ಟು ದಿನ? 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾನೂನೇ ಬಂದು ದುಡ್ಡಿನ ಆಟ ಎಲ್ಲ ನಿಷೇಧ ಮಾಡಿತು. ಅದರ ಮೇಲೂ ಕೇಸು ಹೋಗಿದೆ. ನಮ್ಮ ಓಣಿಯಲ್ಲಿ ಆ ಆಟಕ್ಕೆ ಹೆಂಡತಿಯ ಬಂಗಾರ ಅಡವಿಟ್ಟವನನ್ನ ನೋಡಿದ್ದೀನಿ. ಆ ಸ್ವಾತಂತ್ರ್ಯ ಹೋದದ್ದಕ್ಕೆ ನನಗೇನೂ ದುಃಖ ಇಲ್ಲ.

ಮಿರ್ಚಿ ಮಂಡಕ್ಕಿ

ಅಕ್ಕನ ಮಾತಿಗೆ ಒಂದು ಲೈಕ್ ಸಾಲಲ್ಲ.

ಹೆದ್ದಾರಿ 48

ಬಸ್ಸಿನ ವಿಷಯ ಬಿಟ್ಟರೆ ಹೇಗೆ? ಖಾಸಗಿಯವರ ಬೇಂದ್ರೆ ಬಸ್ಸು, ಸರ್ಕಾರಿ ಬಸ್ಸು, ಬಿಆರ್‌ಟಿಎಸ್‌ನ ಚಿಗರಿ ಬಸ್ಸು, ಆಟೋ, ಎಲ್ಲ ಇದ್ದರೆ ಹುಬ್ಬಳ್ಳಿ ಧಾರವಾಡ ನಡುವೆ ಓಡಾಡೋನಿಗೆ ಆಯ್ಕೆ. ಒಬ್ಬರಿಗೇ ರೂಟು ಬರೆದುಕೊಟ್ಟರೆ ಯಾರಿಗೆ ಲಾಭ? ಇದು ನನ್ನ ಅಭಿಪ್ರಾಯ ಅಷ್ಟೇ, ಯಾರ ಏಜೆಂಟೂ ಅಲ್ಲ.

ಕೋರ್ಟ್ ಸರ್ಕಲ್

ಬಸ್ಸಿನ ಕೇಸುಗಳದ್ದೇ ಒಂದು ಪುಸ್ತಕ ಆಗುತ್ತೆ. ಖಾಸಗಿಯವರನ್ನ ತೆಗೆದು ಸರ್ಕಾರವೇ ಬಸ್ ಓಡಿಸೋ ಉತ್ತರ ಪ್ರದೇಶದ ಕಾನೂನನ್ನ 1954ರಲ್ಲಿ ಸಗೀರ್ ಅಹ್ಮದ್ ಕೇಸಿನಲ್ಲಿ ಸುಪ್ರೀಂ ಕೋರ್ಟು ರದ್ದು ಮಾಡಿತು. ಅಷ್ಟೊತ್ತಿಗೆ 1951ರ ಮೊದಲ ತಿದ್ದುಪಡಿ ಬಂದಾಗಿತ್ತು. ಸರ್ಕಾರ ಯಾವುದೇ ವ್ಯಾಪಾರವನ್ನ ತಾನೇ ಪೂರ್ತಿಯಾಗಿ ವಹಿಸಿಕೊಳ್ಳಬಹುದು ಅಂತ 19(6)ಕ್ಕೆ ಸೇರಿಸಿದ್ದರು. ಆದರೆ ಆ ಬಸ್ ಕಾನೂನು ತಿದ್ದುಪಡಿಗಿಂತ ಮುಂಚಿನದು, ಹಾಗಾಗಿ ಉಳಿಯಲಿಲ್ಲ. ಆಮೇಲಿನವು ಉಳಿದವು. ಈಗಿನ 1988ರ ಮೋಟಾರು ವಾಹನ ಕಾಯ್ದೆಯಲ್ಲೂ ಸರ್ಕಾರಿ ಸಾರಿಗೆಗೆ ರೂಟು ಮೀಸಲಿಡೋ ಒಂದು ಅಧ್ಯಾಯವೇ ಇದೆ.

ನಮ್ಮ ರಾಜ್ಯದ್ದೇ ಇನ್ನೊಂದು. 1976ರಲ್ಲಿ ಕರ್ನಾಟಕ ಸರ್ಕಾರ ಖಾಸಗಿ ಕಾಂಟ್ರ್ಯಾಕ್ಟ್ ಬಸ್ಸುಗಳನ್ನ ಕಾಯ್ದೆ ಮಾಡಿ ವಶಕ್ಕೆ ತಗೊಂಡಿತು. 1977ರ ರಂಗನಾಥ ರೆಡ್ಡಿ ಕೇಸಿನಲ್ಲಿ ಅದು ಸರಿ ಅಂತ ಆಯ್ತು. ಅದರಲ್ಲಿ ಕೃಷ್ಣ ಅಯ್ಯರ್ ಬೇರೆಯಾಗಿ ಬರೆದ ಅಭಿಪ್ರಾಯದಲ್ಲಿ, ಖಾಸಗಿಯವರ ಆಸ್ತಿಯೂ ಸಮುದಾಯದ ಸಂಪತ್ತೇ ಅನ್ನೋ ಮಾತಿತ್ತು. ಹತ್ತಿರ ಹತ್ತಿರ ಐವತ್ತು ವರ್ಷ ಆ ಮಾತು ಓಡಾಡಿತು. 2024ರ ನವೆಂಬರ್ 5ಕ್ಕೆ ಒಂಬತ್ತು ಜಡ್ಜುಗಳ ಪೀಠ, ಬಹುಮತದಿಂದ, ಪ್ರತಿಯೊಂದು ಖಾಸಗಿ ಆಸ್ತಿಯೂ ಹಾಗೆ ಆಗಲ್ಲ ಅಂತ ಹೇಳಿತು.

ನಿವೃತ್ತ ಮೇಷ್ಟ್ರು

ಕೃಷ್ಣ ಅಯ್ಯರ್ ಅವರನ್ನ ಆ ತೀರ್ಪಿನಲ್ಲಿ ಟೀಕಿಸಿದ್ದು ನನಗೆ ಸರಿ ಕಾಣಲಿಲ್ಲ. ನಮ್ಮ ರಾಜ್ಯದವರೇ ಆದ ನ್ಯಾಯಮೂರ್ತಿ ನಾಗರತ್ನ ಅವರೂ ಆ ಟೀಕೆಯನ್ನ ಒಪ್ಪಲಿಲ್ಲ. ಆ ಕಾಲದ ಹಸಿವು ನೋಡಿ ಬರೆದ ಮಾತು ಅದು.

ದುರ್ಗದಬೈಲ್ ಅಂಗಡಿ

ಮೇಷ್ಟ್ರೇ, ನಿಮ್ಮ ಸೈಟು ಸಮುದಾಯದ್ದು ಅಂದರೆ ಆಗ ಗೊತ್ತಾಗುತ್ತೆ.

ನಿವೃತ್ತ ಮೇಷ್ಟ್ರು

ನನಗೆ ಸೈಟೇ ಇಲ್ಲ. ಬಾಡಿಗೆ ಮನೆ. ಮಾಲೀಕರು ನಿಮ್ಮಂಥವರೇ.

ವಿದ್ಯಾನಗರ ವಾಕಿಂಗ್

ವಿಷಯಕ್ಕೆ ಬನ್ನಿ ರೀ. ಆಸ್ತಿ ಈಗ ಮೂಲಭೂತ ಹಕ್ಕೇ ಅಲ್ಲ ಅಲ್ವಾ?

ಕಾನೂನು ಮೂರನೇ ವರ್ಷ

ಅಲ್ಲ. 1978ರ 44ನೇ ತಿದ್ದುಪಡಿಯಲ್ಲಿ ತೆಗೆದರು. ಈಗ 300ಎ ವಿಧಿ. ಕಾನೂನಿನ ಅಧಿಕಾರ ಇಲ್ಲದೆ ಯಾರ ಆಸ್ತಿಯನ್ನೂ ಕಿತ್ತುಕೊಳ್ಳುವಂತಿಲ್ಲ, ಅಷ್ಟೇ. ವ್ಯಾಪಾರದ ಹಕ್ಕು ಮಾತ್ರ ಮೂಲಭೂತವಾಗೇ ಉಳಿದಿದೆ. ಅಂದ್ರೆ ಗಾಡಿ ನಿಮ್ಮದು ಅನ್ನೋದು ಸಣ್ಣ ಹಕ್ಕು, ಗಾಡಿ ತಳ್ಳಿ ಮಾರೋದು ದೊಡ್ಡ ಹಕ್ಕು. ವಿಚಿತ್ರ ಅಲ್ವಾ?

ನವನಗರದ ಹುಡುಗ

ತಲೆ ತಿರುಗ್ತಿದೆ. 🙏 ಸರ್, ಶಿಫಾರಸು ಪತ್ರ ಸಿಕ್ಕಿತು, ಬ್ಯಾಂಕಿನ ಫೈಲಿನಲ್ಲಿ ಪ್ರತಿ ಇತ್ತು. ಮುಂದೇನು? ವಕೀಲರ ಫೀ ಕೊಡೋ ಶಕ್ತಿ ಅತ್ತೆಗಿಲ್ಲ.

ಕೋರ್ಟ್ ಸರ್ಕಲ್

ಒಳ್ಳೆಯದಾಯ್ತು. ಮೊದಲು ಸಾಮಾನು ವಾಪಸ್ ಕೊಡಿ ಅಂತ ಬರವಣಿಗೆಯಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ದಂಡ ಕಟ್ಟಿದರೆ ರಸೀದಿ ಇಲ್ಲದೆ ಒಂದು ರೂಪಾಯಿಯೂ ಕೊಡಬೇಡಿ. ಅದರ ಜೊತೆ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ: ಊರಿನ ಪಟ್ಟಣ ವ್ಯಾಪಾರ ಸಮಿತಿ ಕಡೆಯದಾಗಿ ಯಾವಾಗ ಸೇರಿತ್ತು, ಸರ್ವೆ ಪಟ್ಟಿ ಎಲ್ಲಿ, ಅವತ್ತಿನ ತೆರವಿಗೆ ಆದೇಶ ಯಾರದು. ಆ ಸಮಿತಿಯಲ್ಲಿ ಕನಿಷ್ಠ ನೂರಕ್ಕೆ ನಲವತ್ತು ಜನ ವ್ಯಾಪಾರಿಗಳ ಪ್ರತಿನಿಧಿಗಳಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಎಷ್ಟೋ ಕಡೆ ಅದು ಕಾಗದದ ಮೇಲಷ್ಟೇ ಇರುತ್ತೆ.

ಫೀ ಚಿಂತೆ ಬೇಡ. 1987ರ ಕಾನೂನು ಸೇವೆಗಳ ಕಾಯ್ದೆ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರ ನೆರವು ಇದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ, ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಇರುತ್ತೆ. ಅದಕ್ಕೂ ಬಗ್ಗದಿದ್ದರೆ ಹೈಕೋರ್ಟಿಗೆ ರಿಟ್. 2008ಕ್ಕೆ ಮುಂಚೆ ಆಗಿದ್ದರೆ ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಹೋಗಬೇಕಿತ್ತು. ಧಾರವಾಡಕ್ಕೆ ಹೈಕೋರ್ಟಿನ ಸಂಚಾರಿ ಪೀಠ ಬಂತು, 2013ಕ್ಕೆ ಕಾಯಂ ಆಯ್ತು. ಈಗ ಪೀಠ ಇರೋ ಧಾರವಾಡ ಹತ್ತಿರದ ಬೇಲೂರಿಗೆ ಬಸ್ ಹತ್ತಿದರೆ ಸಾಕು.

ವಿದ್ಯಾನಗರ ವಾಕಿಂಗ್

ಗಾಡಿ ವಾಪಸ್ ಬರಲಿ, ನನ್ನ ತಕರಾರಿಲ್ಲ. ಆದರೆ ಆ ಸಮಿತಿಯಲ್ಲಿ ನಡೆಯೋರ ಪ್ರತಿನಿಧಿ ಯಾರು?

ಕೋರ್ಟ್ ಸರ್ಕಲ್

ಬಡಾವಣೆಯ ನಿವಾಸಿಗಳ ಸಂಘಕ್ಕೂ ಜಾಗ ಇದೆ. ನಿಮ್ಮ ಬಡಾವಣೆಯ ಸಂಘಕ್ಕೆ ಹೇಳಿ ಹೆಸರು ಕೊಡಿಸಿ. ವ್ಯಾಪಾರ ನಿಷೇಧದ ಜಾಗ ಯಾವುದು, ಅವಕಾಶದ ಜಾಗ ಯಾವುದು ಅಂತ ಮೊದಲು ಚರ್ಚೆ ಆಗೋದೇ ಅಲ್ಲಿ.

ಲೆಕ್ಕದ ಅಕ್ಕ

ಬೆಟಗೇರಿ ಅಣ್ಣಾ, ನಿಮ್ಮ ಪ್ರಶ್ನೆಗೆ ಯಾರೂ ಪೂರ್ತಿ ಉತ್ತರ ಕೊಡಲಿಲ್ಲ. ಆ ಮೀಸಲು ಪಟ್ಟಿಯಲ್ಲಿ ಈಗ ಏನೇನಿದೆ?

ಬೆಟಗೇರಿ ಮಗ್ಗ

ಸೀರೆ, ಧೋತರ, ಟವೆಲ್ಲು, ಲುಂಗಿ, ಬೆಡ್‌ಶೀಟು, ಜಮಖಾನ, ಶಾಲು, ಕಂಬಳಿ, ಹೀಗೆ ಹನ್ನೊಂದು. ಮೊದಲು ಇಪ್ಪತ್ತೆರಡು ಇದ್ದವು. ಅರ್ಧ ತೆಗೆದದ್ದು ಕೋರ್ಟಲ್ಲ, ದಿಲ್ಲಿ ಸರ್ಕಾರ. ಸೀರೆಯಲ್ಲೂ ಎಲ್ಲ ಸೀರೆ ಅಲ್ಲ. ಹತ್ತಿ, ರೇಷ್ಮೆಯಲ್ಲಿ ಕೆಲವು ನಮೂನೆ ಮಾತ್ರ. ಅದಕ್ಕೇ ನಮ್ಮ ಕಡೆ ಪವರ್‌ಲೂಮಿನವರು ಬೇರೆ ನೂಲಿನ ಮಾಲಿಗೆ ಹೋದರು.

ದುರ್ಗದಬೈಲ್ ಅಂಗಡಿ

ಟವೆಲ್ಲೂ ಇದೆಯಾ ಪಟ್ಟಿಯಲ್ಲಿ? ನನ್ನ ಅಂಗಡಿಯಲ್ಲಿರೋದು ಯಾವ ಮಗ್ಗದ್ದು ಅಂತ ನಾನು ಯಾವತ್ತೂ ಕೇಳಿಲ್ಲ.

ಬೆಟಗೇರಿ ಮಗ್ಗ

ಕೇಳಬೇಡಿ ಅಣ್ಣಾ. ನಿಮ್ಮ ಆರ್ಡರ್ ಬಂದರೆ ಸಾಕು. ಫೋನ್ ನಂಬರ್ ಒಳಗೆ ಮೆಸೇಜ್ ಮಾಡ್ತೀನಿ, ಕೈಮಗ್ಗದ್ದು ಬೇಕಾದರೆ ದೊಡ್ಡಪ್ಪನ ಮಗನ ನಂಬರೂ ಕೊಡ್ತೀನಿ. ರೇಟು ಮಾತ್ರ ಬೇರೆ ಬೇರೆ.